ಮಂದೆ ನಾಯಿ ಮಕ್ಕಳನ್ನೇ ಅಟ್ಟುತ್ತಿದೆಯಾ? ತಜ್ಞರನ್ನು ಹೀಗೆ ಕೇಳಿ

ಮಕ್ಕಳು ಓಡಿದ ಕೂಡಲೇ, ಕುರಿ ಮಂದೆ ಅಟ್ಟಲೆಂದೇ ಬೆಳೆಸಿದ ತಳಿಯಾದ ನಿಮ್ಮ ಬಾರ್ಡರ್ ಕೋಲಿ ತಲೆ ತಗ್ಗಿಸಿ, ಮೈ ಇಳಿಸಿ, ದಿಟ್ಟಿಸಿ ನೋಡುತ್ತದೆ. ಆಮೇಲೆ ಸುತ್ತು ಹಾಕಿ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತದೆ. ಸಾಮಾನ್ಯವಾಗಿ ಇದು ಸಿಟ್ಟಲ್ಲ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು ಎಂಬ ಬೇಟೆಯ ಸರಣಿಯಲ್ಲಿ ಮೊದಲ ಮೂರನ್ನು ಉಳಿಸಿ, ಕೊಲ್ಲುವುದನ್ನು ತಗ್ಗಿಸಿ, ಜನ ತಲೆಮಾರುಗಳಿಂದ ಈ ನಾಯಿಗಳನ್ನು ಬೆಳೆಸಿದ್ದಾರೆ. ದನ ಓಡಿಸುವ ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್‌ಗಂತೂ ಹಿಮ್ಮಡಿ ಕಚ್ಚುವುದೇ ಕೆಲಸ. ಹಾಗಂತ ಮಗುವಿಗೆ ಹಲ್ಲು ತಾಗಿದರೆ ಸುಮ್ನೆ ಬಿಡೋಕಾಗಲ್ಲ, ಅಲ್ವಾ?

ಮೊದಲು ವೆಟ್ ಹತ್ತಿರ ಹೋಗಿ. ನಡವಳಿಕೆ ದಿಢೀರ್ ಬದಲಾಗಿದ್ದರೆ ನೋವು, ಕಣ್ಣು, ಕಿವಿ ಎಲ್ಲ ನೋಡಿಸಿ. ಕೋಲಿ ತಳಿಯಾದರೆ ಎಂಡಿಆರ್1 ಜೀನ್ ಪರೀಕ್ಷೆಯನ್ನೂ ಕೇಳಿ. ಅದರಲ್ಲಿ ದೋಷ ಇರುವ ನಾಯಿಗೆ ಐವರ್ಮೆಕ್ಟಿನ್ ಎಂಬ ಹುಳದ ಔಷಧಿಯ ಡೋಸ್ ಜಾಸ್ತಿಯಾದರೆ ಜೀವಕ್ಕೇ ಕುತ್ತು.

ಆಮೇಲೆ ವಿಡಿಯೊ. ಕಚ್ಚಿದ ಕ್ಷಣಕ್ಕಿಂತ ಅದರ ಹಿಂದಿನ ಹತ್ತು ಸೆಕೆಂಡು ಮುಖ್ಯ. ವಿಡಿಯೊಗೋಸ್ಕರ ಮಕ್ಕಳನ್ನು ಓಡಿಸಬೇಡಿ. ನಾಯಿಗೆ ಬೆಲ್ಟ್ ಹಾಕಿ ಹಿಡಿದುಕೊಂಡು, ದೂರದಲ್ಲಿ ಸೈಕಲ್ ಹೋಗುವಾಗ ತೆಗೆದರೂ ಸಾಕು. ಜೊತೆಗೆ ಒಂದು ವಾರ ಹೀಗೆ ಬರೆದಿಡಿ: 'ಸಂಜೆ 5.20. ಮಗಳು ಸೈಕಲ್ ಹತ್ತಿದಳು. ಬಾಗಿಲ ಬಳಿ ಮಲಗಿದ್ದ ನಾಯಿಯ ಕಿವಿ ನೆಟ್ಟಗಾಯಿತು, ಬಾಲ ಇಳಿಯಿತು. ನಾನು ಕೂಗಿದೆ. ಇನ್ನೂ ಜೋರಾಗಿ ಓಡಿತು.' ನಿಮ್ಮ ಕೂಗೇ ಅದಕ್ಕೆ ಹುರುಪು ಕೊಡುತ್ತಿದೆಯಾ ಅನ್ನೋದು ತಜ್ಞರಿಗೆ ಗೊತ್ತಾಗುವುದು ಆ ಕೊನೆಯ ಎರಡು ಸಾಲಿನಿಂದ. 'ನಾಯಿ ತುಂಬಾ ಹಟಮಾರಿ' ಎಂದು ಬರೆದರೆ ಅವರಿಗೆ ಏನೂ ಸಿಗುವುದಿಲ್ಲ.

ಯಾರನ್ನು ಕೇಳುವುದು? ಎಷ್ಟೋ ದೇಶಗಳಲ್ಲಿ ಟ್ರೇನರ್ ಅಂತ ಬೋರ್ಡ್ ಹಾಕಲು ಲೈಸೆನ್ಸೇ ಬೇಕಿಲ್ಲ. ಹಾಗಾಗಿ ಓದು, ಅನುಭವ ವಿಚಾರಿಸಿ, ಮಂದೆ ನಾಯಿಗಳ ಜೊತೆ ಕೆಲಸ ಮಾಡಿದ್ದಾರಾ ಕೇಳಿ. ನಾಯಿ ನೆರಳು, ಬೆಳಕಿನ ಹಿಂದೆ ಬಿದ್ದು ಊಟ ನಿದ್ದೆ ಬಿಡುತ್ತಿದ್ದರೆ ಮಾತ್ರ ಟ್ರೇನರ್ ಸಾಲದು. ನಡವಳಿಕೆಯಲ್ಲಿ ವಿಶೇಷ ತರಬೇತಿ ಪಡೆದ ಪಶುವೈದ್ಯರೇ ಬೇಕು, ಔಷಧಿ ಬರೆಯಬೇಕಾಗಬಹುದು.

ಒಂದು ಪ್ರಶ್ನೆ ತಪ್ಪದೆ ಕೇಳಿ: 'ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ?' ಶಾಕ್ ಕಾಲರ್ (ಕರೆಂಟ್ ಹೊಡೆಯುವ ಕೊರಳಪಟ್ಟಿ) ಹಾಕುತ್ತೇನೆ ಎಂದರೆ ಎದ್ದು ಬನ್ನಿ. ಮಗುವನ್ನು ನೋಡುವಾಗಲೆಲ್ಲ ನೋವಾದರೆ ನಾಯಿ ಮಗುವಿಗೇ ಹೆದರಲು ಕಲಿಯಬಹುದು, ಆಗ ಅಟ್ಟುವಾಗಿನ ಕಚ್ಚು ನಿಜವಾದ ಕಚ್ಚಾಗಬಹುದು. 'ವಾರದಲ್ಲಿ ಸರಿಮಾಡ್ತೀನಿ' ಎನ್ನುವವರನ್ನೂ ನಂಬಬೇಡಿ.

ತಜ್ಞರು ಸಿಗುವವರೆಗೆ ಮಕ್ಕಳ ಓಡಾಟದ ಹೊತ್ತಲ್ಲಿ ನಾಯಿಯನ್ನು ಗೇಟಿನ ಆಚೆ ಇಡಿ. ಒಂದೊಂದು ಸಲ ಅಟ್ಟಿದಾಗಲೂ ಅದಕ್ಕೆ ರುಚಿ ಹತ್ತುತ್ತದೆ.