ದ್ವೀಪಗಳು ಮೊದಲು, ಅಥೆನ್ಸ್ ಕೊನೆಗೆ: ಎಂಟು ರಾತ್ರಿಗಳ ಗ್ರೀಸ್ ಪ್ರವಾಸವನ್ನು ಯೋಜಿಸುವುದು ಹೇಗೆ?

ಗ್ರೀಸಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಹಾಕಿಕೊಳ್ಳುವ ಯೋಜನೆ ಒಂದೇ ಬಗೆಯದು. ಅಥೆನ್ಸಿನಲ್ಲಿ ಇಳಿದು ಮೂರು ದಿನ ನಗರ ನೋಡುವುದು, ಆಮೇಲೆ ದ್ವೀಪಗಳಿಗೆ ಹೋಗುವುದು, ಕಡೆಯ ದಿನ ಬೆಳಿಗ್ಗೆ ದ್ವೀಪದಿಂದ ಹಡಗು ಹತ್ತಿ ಅದೇ ಸಂಜೆ ವಿಮಾನ ಹಿಡಿಯುವುದು. ಕಾಗದದ ಮೇಲೆ ಇದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ನನ್ನ ಚಿಕ್ಕಮ್ಮನ ಮಗ ಇದೇ ಯೋಜನೆಯನ್ನು ನಂಬಿಕೊಂಡು, ಜುಲೈ ತಿಂಗಳ ಒಂದು ಬೆಳಿಗ್ಗೆ ಹೆಂಡತಿ ಮಕ್ಕಳೊಡನೆ ಪಾರೊಸ್ ದ್ವೀಪದ ಬಂದರಿನಲ್ಲಿ ಪೆಟ್ಟಿಗೆಗಳ ಮೇಲೆ ಕುಳಿತಿದ್ದ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ, ಬಿಸಿಲು ಸುಡುತ್ತಿತ್ತು, ಆದರೆ ಗಾಳಿಯ ಕಾರಣಕ್ಕೆ ಅಂದು ಹಡಗು ಬರಲಿಲ್ಲ. ವಿಮಾನ ತಪ್ಪಿತು, ನಾಲ್ಕು ಹೊಸ ಟಿಕೆಟ್ ಕೊಳ್ಳಬೇಕಾಯಿತು. ಆ ಯೋಜನೆಯನ್ನು ಬರೆದುಕೊಟ್ಟ ಪ್ರವಾಸ ಸಂಸ್ಥೆಯವರು ಹವಾಮಾನಕ್ಕೆ ತಾವು ಹೊಣೆಯಲ್ಲ ಎಂದು ಫೋನ್ ಇಟ್ಟರು. ಆದ್ದರಿಂದ ಈ ಪ್ರವಾಸವನ್ನು ಮರಳುವ ವಿಮಾನದಿಂದ ಆರಂಭಿಸಿ ಹಿಂದುಮುಂದಾಗಿ ಯೋಜಿಸಬೇಕು.

ಹಂತ 1: ಕಾಲ

ಸೆಪ್ಟೆಂಬರ್ ಅಥವಾ ಅಕ್ಟೋಬರ್ ಮೊದಲ ವಾರವನ್ನು ಆರಿಸಿಕೊಳ್ಳಿ. ಸಮುದ್ರದ ನೀರು ಆಗಲೂ ಬೆಚ್ಚಗಿರುತ್ತದೆ, ಜನಸಂದಣಿ ಇಳಿದಿರುತ್ತದೆ, ಕೆಲವು ವರ್ಷ ನಮ್ಮ ದಸರಾ ರಜೆಗೂ ಹೊಂದುತ್ತದೆ. ಎರಡನೆಯ ಆಯ್ಕೆ ಮೇ ತಿಂಗಳು. ನೀರು ತಣ್ಣಗಿರುತ್ತದೆ ಎಂಬುದೊಂದೇ ಅದರ ದೋಷ. ಆಗಸ್ಟ್ 15 ಗ್ರೀಕರಿಗೆ ದೊಡ್ಡ ಹಬ್ಬವಾದ್ದರಿಂದ ಅದರ ಹಿಂದುಮುಂದಿನ ಎರಡು ವಾರಗಳನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ನವೆಂಬರ್ ನಂತರ ದ್ವೀಪಗಳ ಅರ್ಧಕ್ಕಿಂತ ಹೆಚ್ಚು ಹೋಟೆಲುಗಳು ಬಾಗಿಲು ಹಾಕಿಕೊಂಡಿರುತ್ತವೆ.

ಹಂತ 2: ದ್ವೀಪಗಳು

ಎಂಟು ರಾತ್ರಿಗಳಿಗೆ ಎರಡು ದ್ವೀಪ ಸಾಕು, ಮೂರು ಹೆಚ್ಚು. ಅವೆರಡೂ ಒಂದೇ ಹಡಗಿನ ದಾರಿಯಲ್ಲಿರಬೇಕು. ನಮ್ಮ ಪ್ಯಾಕೇಜುಗಳೆಲ್ಲ ಸ್ಯಾಂಟೊರಿನಿ ಮತ್ತು ಮೈಕೊನೊಸ್ ಎಂಬ ಎರಡು ಹೆಸರುಗಳನ್ನು ಬಿಟ್ಟು ಬೇರೇನನ್ನೂ ಮಾರುವುದಿಲ್ಲ. ಸ್ಯಾಂಟೊರಿನಿಗೆ ಸಾಮಾನ್ಯ ಹಡಗಿನಲ್ಲಿ ಏಳೂವರೆಯಿಂದ ಎಂಟು ಗಂಟೆ ಬೇಕು. ಅಲ್ಲಿ ಸೂರ್ಯಾಸ್ತ ನೋಡಲು ನಿಂತರೆ ಸೂರ್ಯನಿಗಿಂತ ಮುಂದಿನವರ ಮೊಬೈಲ್ ಫೋನುಗಳೇ ಹೆಚ್ಚು ಕಾಣುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನಾಕ್ಸೊಸ್ ಮತ್ತು ಪಾರೊಸ್. ಇವೆರಡರ ನಡುವೆ ಹಡಗಿನಲ್ಲಿ ಒಂದು ಗಂಟೆಯೊಳಗಿನ ದಾರಿ.

ನಾಕ್ಸೊಸ್ ಸೈಕ್ಲಡೀಸ್ ದ್ವೀಪಸಮೂಹದಲ್ಲೇ ದೊಡ್ಡದು. ಅಲ್ಲಿ ಹೊಲ, ತೋಟ, ಹಸು, ಆಲೂಗೆಡ್ಡೆ ಎಲ್ಲ ಇರುವುದರಿಂದ ಪ್ರವಾಸಿಗರಿಲ್ಲದಿದ್ದರೂ ಬದುಕಬಲ್ಲ ಊರೆಂಬ ಗಾಂಭೀರ್ಯ ಅದಕ್ಕಿದೆ. ಬಂದರಿಗೆ ಹಡಗು ತಿರುಗುವಾಗಲೇ ಎಡಗಡೆಯ ಸಣ್ಣ ಗುಡ್ಡದ ಮೇಲೆ ಒಂಟಿಯಾಗಿ ನಿಂತ ಅಮೃತಶಿಲೆಯ ಬಾಗಿಲುವಾಡ ಕಾಣುತ್ತದೆ. ಅದರ ಹೆಸರು ಪೋರ್ತಾರ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಲಿಗ್ಡಾಮಿಸ್ ಎಂಬ ಸರ್ವಾಧಿಕಾರಿ ಕಟ್ಟಿಸಲು ತೊಡಗಿ ಅರ್ಧಕ್ಕೆ ನಿಂತ ದೇವಾಲಯದ ದ್ವಾರವದು. ಅದರ ಹಿಂದಿನ ಊರಿನ ನೆತ್ತಿಯ ಮೇಲಿರುವುದು 13ನೇ ಶತಮಾನದ ಆರಂಭದಲ್ಲಿ ವೆನಿಸಿನ ಮಾರ್ಕೊ ಸನೂಡೊ ಕಟ್ಟಿಸಿದ ಕೋಟೆ. ಪಾರೊಸ್ ಇದಕ್ಕಿಂತ ಚಿಕ್ಕದು, ಚುರುಕು. ವೀನಸ್ ಡಿ ಮೈಲೊ ವಿಗ್ರಹವನ್ನು ಕಡೆದದ್ದು ಈ ದ್ವೀಪದ ಕಲ್ಲಿನಲ್ಲಿ.

ಚಿಕ್ಕ ಮಕ್ಕಳಿದ್ದರೆ ಅಥವಾ ಸಮುದ್ರಯಾನ ಮೈಗೆ ಆಗದಿದ್ದರೆ ಈ ಎರಡನ್ನೂ ಬಿಟ್ಟು ಅಥೆನ್ಸಿನ ಮಗ್ಗುಲಲ್ಲೇ ಇರುವ ಎಜೀನಾಕ್ಕೆ ಹೋಗಿ. ಹೈಡ್ರೊಫಾಯಿಲ್ ದೋಣಿಯಲ್ಲಿ ಮುಕ್ಕಾಲು ಗಂಟೆಯ ಹಾದಿ, ಕೊಲ್ಲಿಯೊಳಗಿನ ನೀರಾದ್ದರಿಂದ ಅಲೆಯೂ ಕಡಿಮೆ, ಬಂದರಿನ ತುಂಬ ಪಿಸ್ತಾ ಮಾರುವ ಗಾಡಿಗಳು.

ಹಂತ 3: ವೀಸಾ

ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ ಹದಿನೈದು ದಿನಗಳಲ್ಲಿ ತೀರ್ಮಾನವಾಗಬೇಕಾದರೂ 45 ದಿನಗಳವರೆಗೆ ಎಳೆಯಬಹುದಾದ್ದರಿಂದ ಮೂರು ತಿಂಗಳ ಮೊದಲೇ ಹಾಕಿಬಿಡಿ. ಶುಲ್ಕ 90 ಯೂರೊ, ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ವೀಸಾ ಕೈಸೇರುವವರೆಗೆ ರದ್ದುಮಾಡಬಹುದಾದ ಹೋಟೆಲುಗಳನ್ನು ಮಾತ್ರ ಕಾದಿರಿಸಿ. ದ್ವೀಪದಲ್ಲಿ ಕಾರು ಓಡಿಸುವ ಆಸೆಯಿದ್ದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಈಗಲೇ ಮಾಡಿಸಿಕೊಳ್ಳಿ.

ಹಂತ 4: ಹಡಗು

ಪ್ರವಾಸ ಕೆಡುವುದಿದ್ದರೆ ಕೆಡುವುದು ಇಲ್ಲಿಯೇ, ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಏಜಿಯನ್ ಸಮುದ್ರದ ಮೇಲೆ ಬೇಸಿಗೆಯಲ್ಲಿ, ಅದರಲ್ಲೂ ಜುಲೈ ಮತ್ತು ಆಗಸ್ಟಿನಲ್ಲಿ, ಉತ್ತರ ದಿಕ್ಕಿನಿಂದ ಮೆಲ್ತೆಮಿ ಎಂಬ ಒಣ ಗಾಳಿ ಬೀಸುತ್ತದೆ. ಮಲ್ಪೆ, ಗಂಗೊಳ್ಳಿಯ ಜನಕ್ಕೆ ಸಮುದ್ರ ಮುನಿದಾಗ ದೋಣಿ ಇಳಿಸಬಾರದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಲ್ಲಿ ಆ ಮುನಿಸು ಕಪ್ಪು ಮೋಡ, ಮಳೆಯೊಡನೆ ಬರುತ್ತದೆ. ಮೆಲ್ತೆಮಿ ಬರುವುದು ತಿಳಿನೀಲಿ ಆಕಾಶದ ಕೆಳಗೆ. ಹಾಗಾಗಿ ದಂಡೆಯಲ್ಲಿ ನಿಂತವರಿಗೆ ಹಡಗು ಏಕಿಲ್ಲ ಎಂಬುದೇ ಅರ್ಥವಾಗದೆ ಟಿಕೆಟ್ ಕಿಟಕಿಯ ಮುಂದೆ ಜಗಳಕ್ಕೆ ನಿಲ್ಲುತ್ತಾರೆ. ಗಾಳಿಯ ಬಲ ಮಿತಿ ಮೀರಿದಾಗ ಅಲ್ಲಿನ ಬಂದರು ಅಧಿಕಾರಿಗಳು ಸಂಚಾರವನ್ನೇ ನಿಷೇಧಿಸುತ್ತಾರೆ. ಗ್ರೀಕರ ಬಾಯಲ್ಲಿ ಅದು 'ಅಪಗೊರೆಫ್ತಿಕೊ'. ಈ ಪದ ಕಿವಿಗೆ ಬಿದ್ದರೆ ವಾದಿಸದೆ ಇನ್ನೊಂದು ರಾತ್ರಿಗೆ ಕೋಣೆ ಕೇಳಿ. ಟಿಕೆಟ್ಟಿನ ಹಣ ಮರಳುತ್ತದೆ ಅಥವಾ ಮುಂದಿನ ಹಡಗಿಗೆ ಬದಲಾಗುತ್ತದೆ, ಆದರೆ ತಪ್ಪಿದ ವಿಮಾನಕ್ಕೆ ಯಾರೂ ಜವಾಬ್ದಾರರಲ್ಲ.

ಇದಕ್ಕೆ ಮದ್ದು ಕ್ರಮವನ್ನು ತಿರುಗಿಸುವುದು. ಮೊದಲ ರಾತ್ರಿ ಅಥೆನ್ಸಿನ ಪಿರೇಯಸ್ ಬಂದರಿನ ಬಳಿ, ಮರುದಿನ ಬೆಳಿಗ್ಗೆ ನೇರವಾಗಿ ದೂರದ ದ್ವೀಪವಾದ ನಾಕ್ಸೊಸಿಗೆ, ಅಲ್ಲಿ ಮೂರು ರಾತ್ರಿ, ಬಳಿಕ ಅಥೆನ್ಸಿನ ಕಡೆಗೆ ಒಂದು ಹೆಜ್ಜೆ ಹತ್ತಿರವಾಗುವ ಪಾರೊಸಿನಲ್ಲಿ ಎರಡು ರಾತ್ರಿ, ಕೊನೆಗೆ ಅಥೆನ್ಸಿನಲ್ಲಿ ಎರಡು ರಾತ್ರಿ. ಹೀಗೆ ಮಾಡಿದರೆ ಹಡಗು ಒಂದು ದಿನ ತಡವಾದರೂ ಅಥೆನ್ಸಿನ ಒಂದು ದಿನ ಹೋಗುತ್ತದೆಯೇ ಹೊರತು ವಿಮಾನ ಹೋಗುವುದಿಲ್ಲ. ಗಾಳಿಯ ಮುನ್ಸೂಚನೆಯನ್ನು ಅಲ್ಲಿ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದ ಅಂಕಿಗಳಲ್ಲಿ ಕೊಡುತ್ತಾರೆ. ನೀವು ಹೊರಡುವ ದಿನಕ್ಕೆ 8 ಎಂದು ಕಂಡರೆ ಒಂದು ದಿನ ಮೊದಲೇ ಜಾಗ ಬಿಡಿ.

ಹಡಗುಗಳಲ್ಲಿ ಎರಡು ಜಾತಿ. ಕಾರು, ಲಾರಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವ ದೊಡ್ಡ ಫೆರ್ರಿಗಳು ನಾಕ್ಸೊಸಿಗೆ ಐದು ಗಂಟೆಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತವೆ. ವೇಗದ ಕ್ಯಾಟಮರಾನ್ ದೋಣಿಗಳು ಬೇಗ ಮುಟ್ಟಿಸುತ್ತವೆ, ಹೆಚ್ಚು ದುಡ್ಡು ಕೇಳುತ್ತವೆ, ಗಾಳಿಗೆ ಮೊದಲು ರದ್ದಾಗುವುದೂ ಅವೇ. ಅವುಗಳಲ್ಲಿ ಹೆಚ್ಚಿನವು ಮುಚ್ಚಿದ ಕೋಣೆಯಂತಿದ್ದು, ಪಕ್ಕದವರಿಗೆ ವಾಂತಿಯಾದರೆ ಎದ್ದು ಹೊರಗೆ ಹೋಗಲು ತಾವಿರುವುದಿಲ್ಲ. ದೊಡ್ಡ ಫೆರ್ರಿಯನ್ನೇ ಹಿಡಿಯಿರಿ; ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತ ಆ ಐದು ಗಂಟೆಗಳನ್ನು ನಾನು ರಜೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಕೆಲವು ಯೂರೊ ಹೆಚ್ಚಿಗೆ ಕೊಟ್ಟರೆ ಸಂಖ್ಯೆಯಿರುವ ಆಸನ ಸಿಗುತ್ತದೆ, ಸಾಮಾನುಗಳನ್ನು ಬಿಟ್ಟು ತಿರುಗಾಡಲು ಅದು ಅನುಕೂಲ. ವಾಕರಿಕೆ ತಡೆಯುತ್ತದೆಂದು ಮಾರುವ ಮಣಿಕಟ್ಟಿನ ಪಟ್ಟಿಗಳಿಂದ ನಮ್ಮ ಮನೆಯಲ್ಲಿ ಯಾರಿಗೂ ಪ್ರಯೋಜನವಾಗಲಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ.

ಟಿಕೆಟ್ಟನ್ನು ಹಡಗಿನ ಕಂಪನಿಯ ಜಾಲತಾಣದಲ್ಲೇ ಕೊಳ್ಳಿ. ದಲ್ಲಾಳಿ ಜಾಲತಾಣಗಳು ಎಲ್ಲ ಹಡಗುಗಳ ವೇಳೆಯನ್ನು ಒಂದೇ ಕಡೆ ಹೋಲಿಸಿ ನೋಡಲು ಒಳ್ಳೆಯವು. ಆದರೆ ಹಡಗು ರದ್ದಾದ ದಿನ ಬದಲಿ ಟಿಕೆಟ್ಟಿಗೆ ಅವರನ್ನು ಹುಡುಕುತ್ತ ಕೂರುವುದು ಯಾರಿಗೂ ಬೇಡ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.

ಪಿರೇಯಸ್ ಬಂದರನ್ನು ನಮ್ಮ ಬಸ್ ನಿಲ್ದಾಣದಂತೆ ಕಲ್ಪಿಸಿಕೊಂಡವರು ಕೊನೆಯ ಗಳಿಗೆಯಲ್ಲಿ ಓಡುತ್ತಾರೆ. ಅಲ್ಲಿ ಇ1ರಿಂದ ಇ12ರವರೆಗೆ ಅಂಕಿ ಹಾಕಿದ ದ್ವಾರಗಳಿದ್ದು, ಕೆಲವು ದ್ವಾರಗಳ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ನಡಿಗೆಯಿದೆ. ಸೈಕ್ಲಡೀಸ್ ಹಡಗುಗಳು ಸಾಮಾನ್ಯವಾಗಿ ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ಇ6, ಇ7ರಿಂದ ಹೊರಡುತ್ತವೆಯಾದರೂ ಹಿಂದಿನ ಸಂಜೆ ಖಚಿತಪಡಿಸಿಕೊಳ್ಳಿ. ಮೊದಲ ರಾತ್ರಿಯನ್ನು ಪಿರೇಯಸಿನಲ್ಲೇ ಕಳೆಯಿರಿ ಎಂದದ್ದು ಇದಕ್ಕೇ. ವಿಮಾನ ನಿಲ್ದಾಣದಿಂದ ಇಲ್ಲಿಗೆ ಮೂರನೇ ಮೆಟ್ರೊ ಮಾರ್ಗ 2022ರಿಂದ ನೇರವಾಗಿ ಬರುತ್ತದೆ, ಸುಮಾರು ಒಂದು ಗಂಟೆ. ಬೆಳಗಿನ ವಿಮಾನದಲ್ಲಿ ಇಳಿಯುವವರಿಗೆ ಒಂದು ಅಡ್ಡದಾರಿಯೂ ಇದೆ: ನಿಲ್ದಾಣಕ್ಕೆ ಹತ್ತಿರದ ರಫೀನಾ ಬಂದರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದಲೇ ದ್ವೀಪದ ಹಡಗು ಸಿಗುತ್ತದೆಯೇ ನೋಡಬಹುದು. ಆದರೆ ವಿಮಾನ ತಡವಾದರೆ ಇದು ಕೈಕೊಡುತ್ತದೆ, ನಾನಂತೂ ಮಾಡುವುದಿಲ್ಲ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಹಡಗಿನ ಹಿಂಬದಿಯ ಇಳಿಜಾರು ಹಲಗೆಯ ಮೇಲೆ ಲಾರಿಗಳ ಪಕ್ಕದಲ್ಲೇ ನಡೆದು ಒಳಹೋಗುತ್ತೀರಿ. ಅಲ್ಲಿ ಊರಿನ ಹೆಸರು ಬರೆದ ಕಬ್ಬಿಣದ ಕಪಾಟುಗಳಲ್ಲಿ ಪೆಟ್ಟಿಗೆಗಳನ್ನಿಟ್ಟು ಮೇಲೇರಬೇಕು. ನಾಕ್ಸೊಸಿನ ಪೆಟ್ಟಿಗೆಯನ್ನು ಸ್ಯಾಂಟೊರಿನಿಯ ಕಪಾಟಿನಲ್ಲಿಟ್ಟರೆ ಇಳಿಯುವಾಗ ಅದು ಬೇರೆಯವರ ಸಾಮಾನಿನ ಹಿಂದೆ ಸಿಕ್ಕಿಬಿದ್ದಿರುತ್ತದೆ. ದ್ವೀಪ ಹತ್ತಿರವಾಯಿತೆಂಬ ಘೋಷಣೆ ಕೇಳಿದೊಡನೆ, ಹಡಗು ಇನ್ನೂ ನಿಲ್ಲುವ ಮೊದಲೇ, ಕೆಳಗಿಳಿದು ಆ ಕತ್ತಲ ಗ್ಯಾರೇಜಿನಲ್ಲಿ ಡೀಸೆಲ್ ವಾಸನೆಯ ನಡುವೆ ಸಾಲಿನಲ್ಲಿ ನಿಲ್ಲಿ. ಸರಪಳಿ ಗಡಗಡ ಎಂದು ಹಲಗೆ ಕೆಳಗೆ ಬೀಳುತ್ತದೆ, ಒಮ್ಮೆಲೇ ಬೆಳಕು ನುಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿಯುವವರು ಇಳಿದು ಹತ್ತುವವರು ಹತ್ತಿ ಹಡಗು ಮುಂದಕ್ಕೆ ಹೊರಟಿರುತ್ತದೆ. ಕಾಫಿ ಮುಗಿಸಿ ಬರುತ್ತೇನೆಂದವರು ಮುಂದಿನ ದ್ವೀಪದಲ್ಲಿ ಇಳಿದದ್ದನ್ನು ಕಂಡಿದ್ದೇನೆ. ಅಗ್ಗದ ನಾಲ್ಕು ಚಕ್ರದ ಪೆಟ್ಟಿಗೆಗಳು ಈ ಹಲಗೆಯ ಮೇಲೂ ಆಮೇಲಿನ ಕಲ್ಲುಹಾಸಿನ ಗಲ್ಲಿಗಳಲ್ಲೂ ಕಾಲು ಮುರಿದುಕೊಳ್ಳುತ್ತವೆ, ಬೆನ್ನಿಗೆ ಹಾಕುವ ಚೀಲವೇ ವಾಸಿ.

ಹಂತ 5: ವಸತಿ, ಊಟ

ದ್ವೀಪಗಳಲ್ಲಿ ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಅಥೆನ್ಸಿನಲ್ಲಿ ಕೂಕಾಕಿ ಬಡಾವಣೆಯಲ್ಲಿ ಕೋಣೆ ಹಿಡಿಯಿರಿ. ಕೋಣೆಯ ಬಾಡಿಗೆಯ ಮೇಲೆ ಹೋಟೆಲಿನ ದರ್ಜೆಗೆ ತಕ್ಕಂತೆ ದಿನಕ್ಕಿಷ್ಟೆಂದು ಒಂದು ಸರ್ಕಾರಿ ಶುಲ್ಕವನ್ನು ಅಲ್ಲೇ ಕಟ್ಟಬೇಕಾಗುತ್ತದೆ, ಗಾಬರಿಯಾಗಬೇಡಿ.

ಸಸ್ಯಾಹಾರಿಗಳು ಡಬ್ಬಿಗಟ್ಟಲೆ ಅವಲಕ್ಕಿ, ಚಟ್ನಿಪುಡಿ ಹೊರುವ ಅಗತ್ಯವಿಲ್ಲ. ಗ್ರೀಕರಲ್ಲಿ ಚರ್ಚಿನ ಉಪವಾಸದ ದಿನಗಳಿಗೆಂದೇ 'ನಿಸ್ತೀಸಿಮ' ಎಂಬ ಅಡುಗೆಯಿದೆ. ಮಾಂಸ, ಮೊಟ್ಟೆ, ಹಾಲು ಅದರಲ್ಲಿಲ್ಲ. ಆದರೆ ಈ ಪದವನ್ನೊಂದೇ ನಂಬಿ ಕುಳಿತರೆ ಆಕ್ಟೋಪಸ್ ತಟ್ಟೆಗೆ ಬಂದೀತು, ಏಕೆಂದರೆ ಅವರ ಉಪವಾಸಕ್ಕೆ ಅದು ನಿಷಿದ್ಧವಲ್ಲ. ಗಿಗಾಂತೆಸ್ ಎಂಬ ದಪ್ಪ ಅವರೆಯಂಥ ಕಾಳಿನ ಪಲ್ಯ, ಫಾವ ಎಂಬ ಬೇಳೆಯ ಗಟ್ಟಿ ತೊವ್ವೆ, ಅನ್ನ ತುಂಬಿದ ಟೊಮೇಟೊ — ಇವನ್ನು ಹೆಸರು ಹಿಡಿದೇ ಕೇಳಿ. ಕೊನೆಯದರೊಳಗೆ ಕೆಲವೆಡೆ ಕೈಮಾ ಸೇರಿಸುವುದರಿಂದ ವಿಚಾರಿಸಿಕೊಳ್ಳಿ.

ಹಂತ 6: ಅಥೆನ್ಸ್

ಪ್ರಾಚೀನ ದೇವಾಲಯಗಳ ಬೆಟ್ಟವಾದ ಅಕ್ರೊಪೊಲಿಸ್ ನೋಡಲು ಈಗ ವೇಳೆ ನಮೂದಿಸಿದ ಟಿಕೆಟ್ ಬೇಕು. ದಿನಕ್ಕೆ 20,000 ಜನರ ಮಿತಿಯನ್ನು 2023ರಲ್ಲಿ ತಂದಿದ್ದಾರೆ. ದರ 30 ಯೂರೊ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ಸರದಿಯನ್ನು ಬಿಟ್ಟು ಬೇರೆ ಯಾವುದನ್ನೂ ಕೊಳ್ಳಬೇಡಿ, ಏಕೆಂದರೆ ಬಿಸಿಲಿನ ಅಲೆಯಿದ್ದ ದಿನಗಳಲ್ಲಿ ಮಧ್ಯಾಹ್ನ ಬೆಟ್ಟವನ್ನೇ ಮುಚ್ಚುತ್ತಾರೆ. ಮೆಟ್ರೊ ನಿಲ್ದಾಣದ ಕಡೆಯ ದಕ್ಷಿಣ ದ್ವಾರದಲ್ಲಿ ಸಾಲು ಚಿಕ್ಕದು. ಶತಮಾನಗಳ ಪಾದಗಳಿಗೆ ಸವೆದ ಅಮೃತಶಿಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಚಪ್ಪಲಿ ಬೇಡ.

ಬೆಟ್ಟದ ಮೇಲಿನ ಪಾರ್ಥೆನಾನ್ ದೇವಾಲಯದ ಕೆಲಸ ಆರಂಭವಾದದ್ದು ಕ್ರಿಸ್ತಪೂರ್ವ 447ರಲ್ಲಿ; ಅದು ಛಾವಣಿ ಕಳೆದುಕೊಂಡು ಬಯಲಾದದ್ದು ಕಾಲದ ಹೊಡೆತದಿಂದಲ್ಲ. 1687ರಲ್ಲಿ ತುರ್ಕರು ಅದರೊಳಗೆ ಮದ್ದುಗುಂಡು ತುಂಬಿಟ್ಟಿದ್ದಾಗ ವೆನಿಸಿನವರು ಹಾರಿಸಿದ ಗುಂಡು ಬಿದ್ದು ಸ್ಫೋಟಿಸಿತು. ಇದನ್ನು ತಿಳಿದು ನೋಡಿದರೆ ಉದ್ದಗೋಡೆಯ ನಡುವಿನ ಆ ದೊಡ್ಡ ಬಿರುಕು ಬೇರೆಯೇ ಆಗಿ ಕಾಣುತ್ತದೆ. ಬಿಸಿಲೇರುವ ಹೊತ್ತಿಗೆ ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಮ್ಮಿಗೆ ಹೋಗಿ ನೇರವಾಗಿ ಮೇಲಿನ ಮಹಡಿ ಹತ್ತಿ. ದೇವಾಲಯದ ಶಿಲ್ಪಪಟ್ಟಿಕೆಯನ್ನು ಅದೇ ಅಳತೆಯಲ್ಲಿ ಸುತ್ತಲೂ ಜೋಡಿಸಿದ್ದಾರೆ. ಜೇನುಬಣ್ಣದ ಮೂಲ ಕಲ್ಲುಗಳ ನಡುವೆ ಸುಣ್ಣಬಿಳುಪಿನವು ಕಂಡರೆ ಅವು ಅಚ್ಚುಗಳು, ಮೂಲಗಳಲ್ಲಿ ಹೆಚ್ಚಿನವು ಲಂಡನ್ನಿನಲ್ಲಿವೆ. ಎರಡನೆಯ ದಿನಕ್ಕೆ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್ ಒಂದೇ ಸಾಕು. ಸೂರ್ಯ ಚಂದ್ರರ ಚಲನೆ ಲೆಕ್ಕ ಹಾಕುತ್ತಿದ್ದ, ಅಲ್ಲಿರುವ ಪ್ರಾಚೀನ ಆಂಟಿಕಿಥೆರಾ ಯಂತ್ರದ ಹಲ್ಲುಚಕ್ರಗಳ ಮುಂದೆ ನಮ್ಮ ಮಕ್ಕಳು ಅರ್ಧ ಗಂಟೆ ಕದಲಲಿಲ್ಲ. ಕೆಂಪು ಡಬಲ್‌ಡೆಕರ್ ಬಸ್ಸುಗಳ ಟಿಕೆಟ್ ಕೊಳ್ಳಬೇಡಿ, ನೋಡಬೇಕಾದುದೆಲ್ಲ ನಡಿಗೆಯ ದೂರದಲ್ಲಿದೆ.

ಹಡಗು ಒಂದು ದಿನ ತಡವಾಗಿ ಬಂದಿದ್ದರೆ ಈ ಎರಡನೆಯ ದಿನವೇ ಕೈಬಿಡುವ ದಿನ. ಆದ್ದರಿಂದ ಅಕ್ರೊಪೊಲಿಸ್ ಟಿಕೆಟ್ಟನ್ನು ಪಾರೊಸಿನಲ್ಲಿ ಹಡಗು ಹತ್ತಿದ ಮೇಲೆ, ಮೇಲಿನ ಅಟ್ಟದಲ್ಲಿ ಕುಳಿತು ಫೋನಿನಲ್ಲಿ ಕೊಳ್ಳಿ. ಜುಲೈ, ಆಗಸ್ಟ್ ಬಿಟ್ಟರೆ ಸಾಮಾನ್ಯವಾಗಿ ಸಿಗುತ್ತದೆ. ಹೊರಡುವ ದಿನ ಸಿಂಟಾಗ್ಮಾ ಚೌಕದಿಂದ ವಿಮಾನ ನಿಲ್ದಾಣದ ಮೆಟ್ರೊ ಸುಮಾರು ಅರ್ಧ ಗಂಟೆಗೊಂದಿದೆ, ಅದು ತಪ್ಪಿದರೆ ಅದೇ ಚೌಕದಿಂದ ಎಕ್ಸ್95 ಬಸ್ಸು ಹಗಲೂ ರಾತ್ರಿ ಓಡುತ್ತದೆ.