ಕೆರೆಯ ಕತೆಗಳನ್ನು ನಾನು ಬರೆದುಕೊಂಡ ಬಗೆ

ಕೆಲವು ವರ್ಷಗಳಿಂದ ನಾನು ಕೆರೆಗಳ ಐತಿಹ್ಯ ಕೂಡಿಸುತ್ತಿದ್ದೇನೆ. ಕರ್ನಾಟಕದಲ್ಲಿ ಹಳೆಯ ಕೆರೆ ಇದ್ದ ಕಡೆ ಒಂದು ಕತೆಯೂ ಇರುತ್ತದೆ. ಸೂಳೆಕೆರೆಗೆ ಶಾಂತವ್ವ, ಮಾಸೂರಿನ ಮದಗದ ಕೆರೆಗೆ ಕೆಂಚಮ್ಮ. ಇನ್ನು ನೀರು ಬರಲೆಂದು ಪ್ರಾಣ ಕೊಟ್ಟ ಭಾಗೀರಥಿಯ ಜನಪದ ಹಾಡು 'ಕೆರೆಗೆ ಹಾರ' ಯಾರಿಗೆ ಗೊತ್ತಿಲ್ಲ? ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರೂ ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಆಹುತಿ ಕೊಡುತ್ತಾರೆ. ಇದೇ ಬಗೆಯ ಕತೆ ಬೆಂಗಳೂರಿನಲ್ಲಿ ಕೋಟೆಯ ಬಾಗಿಲಿಗೆ ಅಂಟಿಕೊಂಡಿದೆ. ಅಲ್ಲಿ ಪ್ರಾಣ ಕೊಟ್ಟವಳು ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ.

ಈ ಕೆಲಸಕ್ಕೆ ನನ್ನನ್ನು ಎಳೆದದ್ದು ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಊರಿನ ಗೆಳೆಯರ ಬಳಗ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಜೊತೆಗಾರರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೈಯಲ್ಲೇ ಬರೆದುಕೊಂಡರು. 1931ರಲ್ಲಿ ಆ ಹಾಡುಗಳ ಸಂಕಲನ 'ಗರತಿಯ ಹಾಡು' ಬಂತು. ಆಗ ಹೆಂಗಸರ ಹಾಡಿನಲ್ಲಿ ಸಾಹಿತ್ಯ ಇದೆ ಎಂದು ನಂಬುವುದಕ್ಕೇ ಧೈರ್ಯ ಬೇಕಿತ್ತು. ನಮ್ಮ ಕೈಯಲ್ಲಿ ಫೋನ್ ಇದೆ, ಒತ್ತಿದರೆ ರೆಕಾರ್ಡ್ ಆಗುತ್ತದೆ. ಆದರೂ ಕೇಳಿಸಿಕೊಳ್ಳುವ ತಾಳ್ಮೆಯನ್ನು ನಾವು ಅವರಿಂದಲೇ ಕಲಿಯಬೇಕು.

'ಒಂದು ಕತೆ ಹೇಳಿ' ಎಂದು ನಾನು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸುತ್ತಾರೆ. ಏರಿಯ ಮೇಲೆ ಸುಮ್ನೆ ಕೂತು 'ಈ ತೂಬು ಯಾರ ಕಾಲದ್ದು?' ಎನ್ನುತ್ತೇನೆ. 'ಆ ಕಲ್ಲಿಗೆ ಯಾಕೆ ಕುಂಕುಮ ಹಚ್ಚಿದ್ದಾರೆ?' ಎನ್ನುತ್ತೇನೆ. ಮಾತು ತಾನಾಗಿ ಬರುತ್ತದೆ. ಅಜ್ಜಿಕತೆಯಲ್ಲಿ 'ಒಂದೂರಲ್ಲಿ ಒಬ್ಬ ರಾಜ' ಸಾಕು. ಐತಿಹ್ಯ ಹಾಗಲ್ಲ, ಹೇಳುವವರು ಕೈ ಎತ್ತಿ ಜಾಗ ತೋರಿಸುತ್ತಾರೆ. ಹಾಗಾಗಿ ಕೈ ಯಾವ ಕಡೆ ಹೋಯಿತು, ಯಾವ ಮಾತಿಗೆ ದನಿ ತಗ್ಗಿತು, ಯಾರು ಮಧ್ಯೆ ಬಾಯಿ ಹಾಕಿ 'ಅದಂಗಲ್ಲ' ಅಂದರು, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತೇನೆ. ರೆಕಾರ್ಡ್ ಮಾಡುವುದು ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಅವತ್ತೇ ರಾತ್ರಿ ನೆನಪಿನಿಂದ ಬರೆಯುತ್ತೇನೆ, ನೆನಪಿನ ಬರಹ ಎಂದು ಮೇಲೆ ನಮೂದಿಸುತ್ತೇನೆ.

ಹಾಡು ಗೊತ್ತಿರುವ ಕೆಲವು ಅಜ್ಜಿಯರು ಕೂತು ಹೇಳು ಅಂದರೆ ಎರಡು ಸಾಲಿಗೆ ನಿಂತುಬಿಡುತ್ತಾರೆ. ಬೀಸುವ ಕಲ್ಲು ತಿರುಗಿದರೆ ಮುಂದಿನ ಸಾಲು ಬರುತ್ತದೆ. ಮಿಲ್ಲು ಬಂದ ಮೇಲೆ ಕಲ್ಲು ಮೂಲೆ ಸೇರಿದೆ. ಅದನ್ನು ತೊಳೆದು, ಒಂದು ಹಿಡಿ ಜೋಳ ಹಾಕಿ, ಎದುರು ನಾನೇ ಕೂತು ಗೂಟ ಹಿಡಿದಿದ್ದೇನೆ. ಕೈಗೆ ಲಯ ಸಿಕ್ಕ ಮೇಲೆ ಹಾಡು ಬರುವುದನ್ನು ನೋಡುವ ಖುಷಿಯೇ ಬೇರೆ.

ಬರೆಯುವಾಗ ನನ್ನ ಹಠ ಒಂದೇ, ಕತೆಯನ್ನು ತಿದ್ದುವುದಿಲ್ಲ. 'ಕೆರ್‍ಯಾಗ' ಅಂದದ್ದು 'ಕೆರೆಯಲ್ಲಿ' ಆಗುವುದಿಲ್ಲ. 'ಸೊಸೆಯನ್ನು ಬಲಿ ಕೊಟ್ಟರು ಅನ್ನೋದನ್ನ ಮಕ್ಕಳಿಗೆ ಹೇಗೆ ಹೇಳೋದು, ಸ್ವಲ್ಪ ಮೆದು ಮಾಡಿ' ಎಂದು ಓದಿದವರು ಸಲಹೆ ಕೊಡುತ್ತಾರೆ. ಜರ್ಮನಿಯ ಜನಪದ ಕತೆ ಕೂಡಿಸಿದ ಗ್ರಿಮ್ ಸಹೋದರರೂ ಹೀಗೆ ಮೆದು ಮಾಡಿದರು. 1812ರ ಮುದ್ರಣದಲ್ಲಿ ಸ್ನೋವೈಟ್‌ಗೆ ಕೇಡು ಬಗೆದವಳು ಹೆತ್ತ ತಾಯಿ, 1819ರ ಹೊತ್ತಿಗೆ ಅವಳು ಮಲತಾಯಿ. ಒಂದು ಕತೆಯ ಭಯಂಕರ ಸತ್ಯವೇ ಅಲ್ಲಿ ಕೈಬಿಟ್ಟು ಹೋಯಿತು. ನನಗೆ ಹೆಚ್ಚು ಹಿಡಿಸುವವನು ಸರ್ಬಿಯಾದ ಜನಪದ ಹಾಡುಗಳನ್ನು ಕೂಡಿಸಿದ ವೂಕ್ ಕರಾಜಿಚ್. ಅವನು ಬರೆದುಕೊಂಡ ಸ್ಕದರ್ ಕೋಟೆಯ ಹಾಡಿನಲ್ಲೂ ಕಿರಿಯ ಸೊಸೆಯನ್ನೇ ಗೋಡೆಯೊಳಗೆ ಇಟ್ಟು ಕಟ್ಟುತ್ತಾರೆ. ಕೂಸಿಗೆ ಹಾಲು ಕುಡಿಸಲು ಕಿಂಡಿ ಬಿಡಿ ಎಂದು ಅವಳು ಬೇಡುತ್ತಾಳೆ. ವೂಕ್ ಅದನ್ನು ಮೆದು ಮಾಡಲಿಲ್ಲ. ಹಾಡಿದ ಮುದುಕ ರಾಷ್ಕೊನ ಹೆಸರನ್ನೂ ಉಳಿಸಿದ. ಒಪ್ಪಿಗೆ ಸಿಕ್ಕರೆ ನಾನೂ ಹೇಳಿದವರ ಹೆಸರನ್ನು ಕತೆಯ ಮೇಲೇ ಬರೆಯುತ್ತೇನೆ, ಕೊನೆಯ ಪುಟದ ಕೃತಜ್ಞತೆಯಲ್ಲಿ ಅಲ್ಲ.

ಬರೆದದ್ದನ್ನು ತಿರುಗಿ ಹೋಗಿ ಓದಿ ಹೇಳುವುದು ನನಗೆ ಅತಿ ಮುಖ್ಯ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಒಂದು ಕಡೆ ತಡೆಯುತ್ತಾರೆ. ಒಬ್ಬ ತಾಯಿ, ಭಾಗೀರಥಿ ಗೆಳತಿಯ ಮನೆಗೆ ಹೋದ ಭಾಗವನ್ನು ಮತ್ತೆ ಪೂರ್ತಿ ಹೇಳಿದರು. ಅಪ್ಪನ ಮನೆಯಲ್ಲಿ ಅವಳು ನಿಜ ಹೇಳುವುದಿಲ್ಲ, ಗೆಳತಿಗೆ ಮಾತ್ರ ಹೇಳುತ್ತಾಳೆ. 'ಅದ ಮುಖ್ಯ ನೋಡ್ರಿ' ಅಂದರು. ಮೊದಲ ಸಲ ಹೇಳುವಾಗ ಗಂಡಸರು ಸುತ್ತ ಕೂತಿದ್ದರು, ಆ ಭಾಗ ನಾಲ್ಕೇ ಮಾತಿನಲ್ಲಿ ಮುಗಿದಿತ್ತು.

ಆಮೇಲೆ ನಾನು ಗಮನ ಕೊಟ್ಟು ನೋಡತೊಡಗಿದೆ. ನಾನು ಕೇಳಿದ ಮಟ್ಟಿಗೆ, ಗಂಡಸರು ಹೇಳಿದರೆ ಗೌಡ, ಜೋಯಿಸ, ಕೆರೆಯ ಅಗಲ ಜಾಸ್ತಿ. ಹೆಂಗಸರು ಹೇಳಿದರೆ ತವರಿನ ದಾರಿ, ಗೆಳತಿ, ಮರೆತು ಬಿಟ್ಟ ಬಂಗಾರದ ಪಾತ್ರೆ ತರಲು ಅವಳನ್ನೇ ಹಿಂದಕ್ಕೆ ಕಳಿಸಿದ ಮೋಸ, ಇವು ಉದ್ದವಾಗುತ್ತವೆ. ಎರಡನ್ನೂ ಬೆರೆಸಿ ಒಂದು 'ಸರಿಯಾದ' ಪಾಠ ಮಾಡಿಕೊಡಿ ಎಂದು ಕೇಳಿದವರಿದ್ದಾರೆ. ನಾನು ಒಪ್ಪಲಿಲ್ಲ. ಈಗ ಎಡಪುಟದಲ್ಲಿ ಒಂದು, ಬಲಪುಟದಲ್ಲಿ ಇನ್ನೊಂದು ಇಟ್ಟು ಪ್ರತಿ ಸಿದ್ಧಮಾಡುತ್ತಿದ್ದೇನೆ. ಮೊದಲ ಪ್ರತಿ ಹೇಳಿದವರ ಮನೆಗೆ, ಎರಡನೆಯದು ಆ ಊರಿನ ಶಾಲೆಗೆ.