ಲಾರಿಯ ತೂಕವನ್ನು ನೀರಲ್ಲೇ ನೋಡುವುದು: ನನ್ನ ಅನುಭವ

ನಮ್ಮ ಫೆರಿಗೆ ಬರುವ ಲಾರಿಯ ತೂಕದ ಚೀಟಿಯಲ್ಲಿ 12 ಟನ್ ಅಂತ ಇರುತ್ತದೆ. ಲಾರಿ ಹತ್ತಿದಾಗ ರ‍್ಯಾಂಪಿನ ಕೀಲು ಕಿರುಗುಟ್ಟುವುದು ಕೇಳಿದರೆ 12 ಅಲ್ಲ ಅಂತ ಫೆರಿ ನಡೆಸುವ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಡ್ರೈವರ್ ಹತ್ತಿರ ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಬಾಡಿಗೆ ಸಿಗುವುದು ಚೀಟಿಯಲ್ಲಿರುವ ತೂಕದ ಲೆಕ್ಕಕ್ಕೆ, ಕೀಲಿನ ಪಿನ್ನು ಮತ್ತು ವೆಲ್ಡಿಂಗ್ ಖರ್ಚು ನಮ್ಮ ಲೆಕ್ಕಕ್ಕೆ. ತೂಕದ ಸೆನ್ಸರ್ ಕೂರಿಸಲು ಕೇಳಿದ ದುಡ್ಡಿನಲ್ಲಿ ನಾಲ್ಕೈದು ತಿಂಗಳ ಡೀಸೆಲ್ ಬರುತ್ತಿತ್ತು.

ನಮ್ಮದು ಚಪ್ಪಟೆ ತಳದ ಫೆರಿ. ಉದ್ದ ಸುಮಾರು 30 ಮೀಟರ್, ಅಗಲ 10. ಅಂದರೆ 1 ಸೆಂಟಿಮೀಟರ್ ಮುಳುಗಿದರೆ 3 ಟನ್ ಹತ್ತಿದೆ ಅಂತ. ಇದನ್ನು ಹೇಳಿದಾಗ ಜೊತೆಗಿದ್ದವರೆಲ್ಲ, ಅಲೆ ಏಳುವ ನೀರಲ್ಲಿ ಸೆಂಟಿಮೀಟರ್ ನೋಡೋಕೆ ಆಗುತ್ತಾ ಅಂದರು.

ಮೊದಲು ಪಕ್ಕದಲ್ಲಿ ಬಣ್ಣದ ಗೆರೆ ಎಳೆಸಿದೆ. ನಡೆಯಲಿಲ್ಲ. ಒಂದು ದೋಣಿ ಹತ್ತಿರ ಹಾದುಹೋದರೂ ನೀರು ಗೆರೆಯ ಮೇಲೆ ಕೆಳಗೆ ಕುಣಿಯುತ್ತಿತ್ತು. ಆಮೇಲೆ ಮನೆ ಕಟ್ಟುವವರ ಲೆವೆಲ್ ಪೈಪ್‌ನಂಥ, ಆದರೆ ದಪ್ಪನೆಯ ಪಾರದರ್ಶಕ ಪೈಪನ್ನು ಪಕ್ಕಕ್ಕೆ ನೆಟ್ಟಗೆ ಕಟ್ಟಿದೆ. ತಳ ಮುಚ್ಚಿ ಒಂದು ಸಣ್ಣ ತೂತು ಬಿಟ್ಟೆ. ಹೊರಗೆ ಅಲೆ ಎದ್ದರೂ ಒಳಗಿನ ನೀರು ನಿಧಾನಕ್ಕೆ ಏರಿಳಿದು ನಿಲ್ಲುತ್ತದೆ. ತೂತು ದೊಡ್ಡದಾದರೆ ನೀರು ಕುಣಿಯುತ್ತದೆ, ತೀರಾ ಸಣ್ಣದಾದರೆ ಪಾಚಿ ಕಟ್ಟಿ ಸುಳ್ಳು ಹೇಳುತ್ತದೆ. ನನ್ನ ತೂತಿನ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ಮಳೆಗಾಲವೇ ಹಿಡಿಯಿತು.

ಒಂದು ಪೈಪ್ ಸಾಲದು. ಲಾರಿ ಒಂದು ಬದಿಗೆ ನಿಂತರೆ ಆ ಮೂಲೆ ಜಾಸ್ತಿ ಇಳಿಯುತ್ತದೆ. ನಾಲ್ಕು ಮೂಲೆಗೂ ಹಾಕಿ ಸರಾಸರಿ ತೆಗೆಯಬೇಕು. ರ‍್ಯಾಂಪ್ ಎತ್ತಿದ ಮೇಲೆಯೇ ನೋಡಬೇಕು, ಇಲ್ಲದಿದ್ದರೆ ಒಂದಿಷ್ಟು ಭಾರ ದಡವೇ ಹೊರುತ್ತಿರುತ್ತದೆ. ಜನ ಹತ್ತುವ ಮುಂಚೆಯೇ ನೋಡಿಬಿಡಿ. 50 ಜನ ಅಂದರೆ ಅದೇ 1 ಸೆಂಟಿಮೀಟರ್.

ತೂಕ ಗೊತ್ತಿದ್ದ ನೀರಿನ ಟ್ಯಾಂಕರ್ ಹತ್ತಿಸಿ ಪರೀಕ್ಷೆ ಮಾಡಿದೆ. ಒಂದೂವರೆ ಟನ್ ಆಚೆ ಈಚೆ, ಅಷ್ಟೇ. ಚೀಟಿಗಿಂತ 6 ಟನ್ ಜಾಸ್ತಿ ಹೇರಿಕೊಂಡು ಬರುವವನನ್ನು ಹಿಡಿಯಲು ಇಷ್ಟು ಧಾರಾಳ ಸಾಕು. ಈಗ ಡ್ರೈವರನ್ನೇ ಕರೆದು ಪೈಪ್ ತೋರಿಸುತ್ತೇನೆ. ವಾದ ನಿಂತಿದೆ, ಬಾಡಿಗೆ ಸರಿಯಾಗಿ ಬರುತ್ತಿದೆ, ಕೀಲಿನ ಖರ್ಚು ಅರ್ಧಕ್ಕಿಂತ ಕಡಿಮೆಯಾಗಿದೆ. ಆಗುತ್ತಾ ಅಂದವರೇ ಈಗ ಅಳತೆ ಕೇಳಿಕೊಂಡು ಬರುತ್ತಾರೆ.

ನೆನೆಸದ ಇನ್ನೊಂದು ಲಾಭವೂ ಸಿಕ್ಕಿತು. ಬೆಳಿಗ್ಗೆ ಖಾಲಿ ಫೆರಿಯ ಲೆಕ್ಕ ಬರೆದಿಡುವ ಅಭ್ಯಾಸ ಮಾಡಿದ್ದೆ. ಹಿಂದಿನ ಎಡ ಮೂಲೆ ಮಾತ್ರ ದಿನಕ್ಕಿಷ್ಟು ಇಳಿಯುತ್ತಿತ್ತು. ಮುಚ್ಚಳ ಬಿಚ್ಚಿದರೆ ತಳದ ಕೋಣೆಯಲ್ಲಿ ಮೊಣಕಾಲುದ್ದ ನೀರು! ಅರ್ಧ ತುಂಬಿದ ನೀರು ಆಚೆ ಈಚೆ ಓಡಾಡಿದರೆ ಫೆರಿ ಎಷ್ಟು ಬೇಗ ವಾಲುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಅವತ್ತೇ ಪ್ಯಾಚ್ ಹಾಕಿಸಿದೆ.

ಅಳಿವೆಯಲ್ಲಿ ಓಡಿಸುವವರು ಒಂದು ವಿಷಯ ಗಮನಿಸಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ. 1 ಮೀಟರ್ ಮುಳುಗಿರುವ ಫೆರಿ ಉಬ್ಬರದ ಉಪ್ಪುನೀರಿಗೆ ಎರಡೂವರೆ ಸೆಂಟಿಮೀಟರ್ ತನಕ ಮೇಲೇಳಬಹುದು. ಏಳು ಟನ್ನಿಗಿಂತ ಜಾಸ್ತಿ ಲೆಕ್ಕ ಅಲ್ಲೇ ತಪ್ಪುತ್ತದೆ. ಹಾಗಾಗಿ ಪ್ರತಿ ಸಲ ಲಾರಿ ಹತ್ತಿಸುವ ಮುಂಚೆ ಖಾಲಿ ಲೆಕ್ಕ ಹೊಸದಾಗಿ ತೆಗೆದುಕೊಳ್ಳಿ.